‘ಸೆಟ್ ಆದ್ಯಾ?’ ಅಂತ ಕೇಳೋ ಮುಂಚೆ

ಹೋದ ತಿಂಗಳು ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ ಕೈ ತೊಳೆಯೋ ನಲ್ಲಿ ಹತ್ತಿರ ಸರದಿಯಲ್ಲಿ ನಿಂತಿದ್ದೆ. ಪಕ್ಕದ ನಲ್ಲಿಯಲ್ಲಿದ್ದ ಹಿರಿಯರೊಬ್ಬರು ಕೈ ಕೊಡವುತ್ತಾ ನನ್ನನ್ನೇ ನೋಡಿದರು. ಯಾವ ಕಡೆಯಿಂದ ನೆಂಟರು, ಏನಾಗಬೇಕು ಅನ್ನೋದು ನನಗೆ ಗೊತ್ತಿಲ್ಲ. ಅವರಿಗೆ ಮಾತ್ರ ನನ್ನ ಪೂರ್ತಿ ಜಾತಕ ಗೊತ್ತಿತ್ತು. ‘ಏನವ್ವಾ, ಎಂ.ಎ. ಮುಗಿಸಿ ಮೂರು ವರ್ಷ ಆಯ್ತಲ್ಲ, ಲೈಫು ಸೆಟ್ ಆಯ್ತಾ?’ ಅಂದರು.

‘ಇನ್ನೂ ಇಲ್ಲ, ಓದ್ತಾ ಇದೀನಿ’ ಅಂದೆ. ಅವರು ‘ಹ್ಞೂಂ’ ಅಂತ ಒಂದು ಉದ್ದನೆಯ ಉಸಿರು ಬಿಟ್ಟು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೋದರು. ಆ ಉಸಿರಿನ ಉದ್ದ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು.

ಅವರು ಹೋದ ಮೇಲೆ ನನ್ನ ಕಿವಿಗೆ ಒಂದು ಕಾಯಿಲೆ ಹತ್ತಿಕೊಂಡಿತು. ಛತ್ರದಲ್ಲಿ ಯಾರು ಮಾತಾಡಿದರೂ ‘ಸೆಟ್’ ಅನ್ನೋ ಪದವೇ ಕೇಳಿಸತೊಡಗಿತು. ಬಾಗಿಲಲ್ಲಿ ಬ್ಯಾಂಡ್‌ಸೆಟ್‌ನವರು ದುಡ್ಡಿಗಾಗಿ ಕಾಯುತ್ತಿದ್ದರು. ಒಳಗೆ ಮೈಕ್‌ಸೆಟ್ ಕೀಚ್ ಅಂತಿತ್ತು. ಮದುಮಗಳ ಕೋಣೆಯಲ್ಲಿ ‘ಓಲೆ, ಸರ ಎರಡೂ ಒಂದೇ ಸೆಟ್ಟಾ?’ ಅಂತ ಅತ್ತೆಯಂದಿರ ವಿಚಾರಣೆ ನಡೀತಿತ್ತು. ‘ಹೇರ್ ಸೆಟ್ ಮಾಡಿದ್ದಾರೆ, ತಲೆ ಮುಟ್ಟಬೇಡಿ’ ಅಂತ ಮದುಮಗಳು ಕೂಗುತ್ತಿದ್ದಳು. ಹೋದ ವರ್ಷ ಹಲ್ಲು ಸೆಟ್ ಕಟ್ಟಿಸಿಕೊಂಡ ನಮ್ಮ ಅಜ್ಜಿ ಹಪ್ಪಳ ಪಕ್ಕಕ್ಕಿಟ್ಟು, ‘ಈ ಸೆಟ್ಟು ಇನ್ನೂ ಸೆಟ್ ಆಗಿಲ್ಲ ಕಣೆ’ ಅಂದಳು. ಒಂದೇ ವಾಕ್ಯದಲ್ಲಿ ಎರಡು ಸಲ, ಎರಡು ಬೇರೆ ಬೇರೆ ಅರ್ಥದಲ್ಲಿ! ಮೂರನೇ ತರಗತಿಗೇ ಶಾಲೆ ಬಿಟ್ಟ ಅಜ್ಜಿ ಇಂಗ್ಲಿಷ್ ಪದವನ್ನು ಇಷ್ಟು ಸಲೀಸಾಗಿ ಬಳಸಿದ್ದು ಕಂಡು ನಗು ಬಂತು. ಕೈ ತೊಳೆಯೋ ನಲ್ಲಿ ಹತ್ತಿರ ಬಾರದ ನಗು ಅಲ್ಲಿ ಬಂತು.

ಊರಿಗೆ ಬಂದ ಮೇಲೂ ಆ ಪದ ಬಿಡಲಿಲ್ಲ. ನೀವೂ ಒಂದು ದಿನ ಎಣಿಸಿ ನೋಡಿ. ಬೆಳಿಗ್ಗೆ ಏಳೋದೇ ರಾತ್ರಿ ಸೆಟ್ ಮಾಡಿಟ್ಟ ಅಲಾರಂಗೆ. ಹೋಟೆಲ್ಲಿಗೆ ಹೋದರೆ ಸೆಟ್ ದೋಸೆ. ಒಂದೇ ಕೇಳಿದರೆ ಸಿಗಲ್ಲ, ಮೂರು ಒಟ್ಟಿಗೆ ಬಂದರೇನೇ ಅದು ಸೆಟ್. ಹೊಲದ ಕಡೆ ಹೋದರೆ ಪಂಪ್‌ಸೆಟ್, ಕರೆಂಟಿನವರ ಭಾಷೆಯಲ್ಲಿ ಐಪಿ ಸೆಟ್. ಮನೆಯಲ್ಲಿ ಟಿವಿ ಸೆಟ್, ಅದರ ಕೆಳಗೆ ಸೆಟ್ ಟಾಪ್ ಬಾಕ್ಸ್. ಝೆರಾಕ್ಸ್ ಅಂಗಡಿಯಲ್ಲಿ ‘ಮಾರ್ಕ್ಸ್‌ಕಾರ್ಡ್ ಎರಡು ಸೆಟ್ ಹಾಕಿ ಅಣ್ಣ’. ಫೋನು ಕೆಟ್ಟರೆ ‘ಸೆಟ್ಟಿಂಗ್ಸ್‌ಗೆ ಹೋಗು’. ವಾಲಿಬಾಲ್ ಆಡೋ ಹುಡುಗರಿಗೆ ಮೂರು ಸೆಟ್ಟಿನ ಮ್ಯಾಚು. ಬೆಂಗಳೂರಿಗೆ ಹೋಗಿ ಜ್ವರ ಬಂದರೆ ‘ಅಲ್ಲಿ ನೀರು ಸೆಟ್ ಆಗ್ಲಿಲ್ಲ’. ಹುಡುಗ, ಹುಡುಗಿ ಜಗಳ ಮಾಡಿಕೊಂಡು ಬೇರೆ ಆದರೆ ‘ನಮ್ಮಿಬ್ರಿಗೂ ಸೆಟ್ ಆಗಲ್ಲ ಬಿಡು’. ನೇಮಕಾತಿಯಲ್ಲಿ ಏನೋ ಗೋಲ್‌ಮಾಲ್ ಅನ್ನೋ ಅನುಮಾನ ಬಂದರೆ ‘ಒಳಗೊಳಗೇ ಸೆಟ್ಟಿಂಗ್ ಆಗಿದೆಯಂತೆ’. ಹೈಸ್ಕೂಲಿನ ಗಣಿತದಲ್ಲಿ ಮೇಷ್ಟ್ರು ‘ಗಣ’ ಅಂತ ಹೇಳಿಕೊಟ್ಟಿದ್ದರು. ಪಿಯುಸಿಗೆ ಬಂದ ಮೇಲೆ ಅದಕ್ಕೂ ಸೆಟ್ ಅಂತಾರೆ ಅಂತ ಗೊತ್ತಾಯಿತು.

ಕನ್ನಡ ಎಂ.ಎ. ಓದಿದ ಮೇಲೆ ಪದ ಸಿಕ್ಕರೆ ನಿಘಂಟು ತೆರೆಯದೆ ಇರೋಕಾಗಲ್ಲ. ನಾವು ಕನ್ನಡದವರು ಮಾತ್ರ ಈ ಪದವನ್ನು ಹೀಗೆ ದುಡಿಸಿಕೊಳ್ಳುತ್ತಿಲ್ಲ ಅಂತ ಆಗ ತಿಳಿಯಿತು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದನೆಯ ವಿವರಣೆ ಇದ್ದದ್ದು ಇದೇ ಪದಕ್ಕೆ. ಕ್ರಿಯಾಪದವಾಗಿ ಅದಕ್ಕೆ 430 ಅರ್ಥಗಳು. ವಿವರಣೆಯೇ ಸುಮಾರು 60 ಸಾವಿರ ಪದ, ಅಂದರೆ ಒಂದು ಸಣ್ಣ ಕಾದಂಬರಿಯಷ್ಟು! ಈಚಿನ ಪರಿಷ್ಕರಣೆಯಲ್ಲಿ ‘ರನ್’ ಅನ್ನೋ ಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿದೆ. ನಮ್ಮಲ್ಲಿ ರನ್ ಕ್ರಿಕೆಟ್ ಮೈದಾನ ಬಿಟ್ಟು ಹೆಚ್ಚು ದೂರ ಓಡಿಲ್ಲ. ಸೆಟ್ ಮಾತ್ರ ಅಡುಗೆಮನೆಯವರೆಗೂ ಬಂದು ಕೂತಿದೆ.

‘ಕೂತಿದೆ’ ಅಂತ ಬೇಕೆಂದೇ ಬರೆದೆ. ಇಂಗ್ಲಿಷಿನ ಸೆಟ್ ಅನ್ನೋ ಕ್ರಿಯಾಪದದ ಮೂಲ ಅರ್ಥವೇ ‘ಕೂರಿಸು’. ಕೂರು ಅನ್ನೋ ಅರ್ಥದ ‘ಸಿಟ್’ ಅದರ ಒಡಹುಟ್ಟು. ‘ಸೆಟ್ಲ್’ ಕೂಡ ಆಸನ ಅನ್ನೋ ಅರ್ಥದ ಹಳೆಯ ಪದದಿಂದ ಹುಟ್ಟಿದ್ದು. ನಾವೂ ಹಾಗೇ ಅಲ್ಲವೇ? ಗಣಪತಿ ಕೂರಿಸುತ್ತೇವೆ, ಬಾಗಿಲು ಕೂರಿಸುತ್ತೇವೆ, ಬಾವಿಗೆ ಮೋಟರ್ ಕೂರಿಸುತ್ತೇವೆ. ಆದರೆ ಗುಂಪು, ಜೊತೆ ಅನ್ನೋ ಅರ್ಥದ ಸೆಟ್‌ಗೆ ಬೇರೆಯೇ ಮೂಲ. ಅದು ಪಂಥ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಹಾಗಾಗಿ ಸೆಟ್ ದೋಸೆಯ ಸೆಟ್ಟೂ ಅಲಾರಂ ಸೆಟ್ ಮಾಡೋ ಸೆಟ್ಟೂ ಹುಟ್ಟಿನಿಂದ ಒಂದೇ ಮನೆಯವರಲ್ಲ. ಇಂಗ್ಲಿಷಿಗೆ ಬಂದ ಮೇಲೆ ಒಂದೇ ಹೆಸರಿನಲ್ಲಿ ಬೆರೆತುಹೋದವರು. ಇನ್ನೊಂದು ವಿಚಿತ್ರ ನೋಡಿ. ಆಗುಂಬೆಗೆ ಟ್ರಿಪ್ ಹೋದವರೆಲ್ಲ ನಿಂತು ಫೋಟೊ ತೆಗೆಸಿಕೊಳ್ಳೋದು ಸನ್‌ಸೆಟ್ ಪಾಯಿಂಟ್‌ನಲ್ಲಿ. ಅಲ್ಲಿ ಸೆಟ್ ಅಂದರೆ ಮುಳುಗೋದು! ನೆಲೆ ಆಗೋದಕ್ಕೂ ಮುಳುಗೋದಕ್ಕೂ ಒಂದೇ ಪದ. ಮುಂದಿನ ಮದುವೆಯಲ್ಲಿ ‘ಲೈಫ್ ಸೆಟ್ ಆಯ್ತಾ?’ ಅಂದರೆ ‘ಯಾವ ಅರ್ಥದಲ್ಲಿ ಕೇಳ್ತಿದ್ದೀರಿ?’ ಅನ್ನಬೇಕು ಅಂತ ಆಸೆಯಿದೆ, ಧೈರ್ಯವಿಲ್ಲ.

ನಾನು ಇಂಗ್ಲಿಷ್ ಪದಗಳನ್ನು ಕನ್ನಡದಿಂದ ಓಡಿಸಬೇಕು ಅನ್ನುವವಳಲ್ಲ. ಪಂಪ್‌ಸೆಟ್‌ಗೆ ನೀರೆತ್ತುವ ಯಂತ್ರಜೋಡಿ ಅಂತ ಹೆಸರಿಟ್ಟರೆ ನಮ್ಮ ತೋಟಕ್ಕೆ ನೀರೇ ಬರಲಿಕ್ಕಿಲ್ಲ. ಕನ್ನಡ ಹೊರಗಿನಿಂದ ಬಂದ ಪದವನ್ನು ಸುಮ್ಮನೆ ತೆಗೆದುಕೊಳ್ಳಲ್ಲ. ಅದಕ್ಕೊಂದು ‘ಆಗು’ ಇಲ್ಲವೇ ‘ಮಾಡು’ ಸೇರಿಸಿ ತನ್ನದಾಗಿ ಮಾಡಿಕೊಳ್ಳುತ್ತದೆ. ಸೆಟ್ ಆಯ್ತು, ಸೆಟ್ ಮಾಡಿದೆ, ಸೆಟ್ಟಾಗಲ್ಲ. ನನ್ನ ತಕರಾರು ಪದದ ಮೇಲಲ್ಲ. ಆ ಪದವನ್ನು ನಾವು ಮನುಷ್ಯರ ಮೇಲೆ ಹೇಗೆ ಬಳಸುತ್ತೇವೆ ಅನ್ನೋದರ ಮೇಲೆ.

ಮೊದಲನೆಯದು ಆ ‘ಮಾಡು’. ಕಾಲೇಜಿನ ಬಸ್‌ಸ್ಟಾಪಿನಲ್ಲಿ ಹುಡುಗರು ಮಾತಾಡೋದು ಕೇಳಿದ್ದೇನೆ. ‘ಮಗಾ, ಫೈನಲ್ ಇಯರ್ ಅವಳನ್ನ ಸೆಟ್ ಮಾಡ್ಕೊಂಡಿದ್ದಾನಂತೆ’. ‘ಅವರಿಬ್ಬರಿಗೂ ಸೆಟ್ ಆಗಿದೆ’ ಅಂದರೆ ಅದರಲ್ಲಿ ಇಬ್ಬರು ಮನುಷ್ಯರಿದ್ದಾರೆ, ಇಬ್ಬರಿಗೂ ಮನಸ್ಸಿದೆ. ‘ಅವಳನ್ನ ಸೆಟ್ ಮಾಡ್ಕೊಂಡ’ ಅಂದಾಗ ಒಬ್ಬನೇ ಇದ್ದಾನೆ. ಅವಳು ಅಲಾರಂ ಥರ, ಟಿವಿ ಚಾನೆಲ್ ಥರ. ಹಾಗೆ ಮಾತಾಡಿದ ಹುಡುಗರೆಲ್ಲ ಕೆಟ್ಟವರು ಅಂತ ನಾನು ಹೇಳಲ್ಲ. ಅವರಲ್ಲಿ ಕೆಲವರು ನನಗೆ ನೋಟ್ಸ್ ಕೊಟ್ಟ ಒಳ್ಳೆಯ ಗೆಳೆಯರು. ಆದರೆ ಆ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾ ಇದ್ದರೆ, ಅವಳು ‘ಇಲ್ಲ’ ಅಂದ ದಿನ ಅದು ಅವಳ ಮನಸ್ಸು ಅನ್ನಿಸೋದಿಲ್ಲ. ತನಗಾದ ಸೋಲು ಅನ್ನಿಸುತ್ತದೆ. ಆ ಸೋಲಿನ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ಎರಡನೆಯದು ಆ ‘ಆಗು’. ಅದು ನನ್ನ ತಲೆಯ ಮೇಲೇ ಕೂತಿರೋದು.

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿನಲ್ಲೇ ಅತಿಥಿ ಇದೆ, ಮನೆಯವಳಲ್ಲ ಅಂತ. ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿದ ಹಾಗೆ. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಎರಡು ಸೆಟ್ ಝೆರಾಕ್ಸ್. ಪೂರ್ಣಾವಧಿ ಹುದ್ದೆಗೆ ಅರ್ಜಿ ಹಾಕಬೇಕಾದರೆ ಬೇಕಾದ ಅರ್ಹತೆಗಳಲ್ಲಿ ಒಂದು ಕೆ-ಸೆಟ್ ಅನ್ನೋ ಪರೀಕ್ಷೆ. ಇಲ್ಲಿನ ಸೆಟ್ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಸೇರಿ ಆದದ್ದು, ಆ 430 ಅರ್ಥಗಳಿಗೆ ಅದರ ಸಂಬಂಧವಿಲ್ಲ. ಆದರೂ ಹೆಸರಿಟ್ಟವರು ನಮ್ಮನ್ನು ಗೇಲಿ ಮಾಡಲಿಕ್ಕೇ ಇಟ್ಟಿರಬೇಕು ಅನ್ನಿಸುತ್ತದೆ. ಎರಡು ಪತ್ರಿಕೆ, ಒಟ್ಟು 300 ಅಂಕ. ಪರೀಕ್ಷೆ ಬರೆದವರಲ್ಲಿ ಅರ್ಹರು ಅಂತ ಘೋಷಿಸೋದು 100ಕ್ಕೆ 6 ಜನರನ್ನು ಮಾತ್ರ. ನಾನು ಎರಡು ಸಲ ಬರೆದಿದ್ದೇನೆ, ಎರಡು ಸಲವೂ ಉಳಿದ 94ರಲ್ಲೇ ಇದ್ದೇನೆ. ಪಾಸಾದವರಿಗೂ ಕೆಲಸ ಸಿಗಲ್ಲ, ಅರ್ಜಿ ಹಾಕೋ ಅರ್ಹತೆ ಸಿಗುತ್ತದೆ ಅಷ್ಟೇ. ‘ಕೆ-ಸೆಟ್ ಆದ್ರೂ ಸೆಟ್ ಆಗಲ್ಲ ಕಣೇ’ ಅಂತ ಸ್ಟಾಫ್‌ರೂಮಿನಲ್ಲಿ ನಾವು ನಮ್ಮಲ್ಲೇ ನಗುತ್ತೇವೆ.

ನನ್ನ ಜೊತೆ ಡಿಗ್ರಿ ಓದಿದ ಗೆಳೆಯನೊಬ್ಬ ನಾಲ್ಕು ವರ್ಷದಿಂದ ಧಾರವಾಡದಲ್ಲಿದ್ದಾನೆ. ಸಪ್ತಾಪುರದ ಕಡೆ ಕೋಚಿಂಗ್ ಸೆಂಟರುಗಳ ಬೀದಿಯಲ್ಲಿ ಒಂದು ರೂಮು, ಅದರಲ್ಲಿ ಮೂವರು. ಲೈಬ್ರರಿಯಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಓದು. ಊರಿನಲ್ಲಿ ಜಾತ್ರೆಯ ದಿನ ತೇರಿನ ಹಗ್ಗಕ್ಕೆ ಕೈ ಹಾಕೋರಲ್ಲಿ ಅವನೇ ಮೊದಲಿಗ. ಈಗ ಎರಡು ವರ್ಷದಿಂದ ಜಾತ್ರೆಗೇ ಬಂದಿಲ್ಲ. ‘ಬಸ್ ಚಾರ್ಜಿಗೆ ದುಡ್ಡಿಲ್ವಾ, ಕಳಿಸ್ಲಾ?’ ಅಂತ ಫೋನಿನಲ್ಲಿ ಕೇಳಿದೆ. ‘ದುಡ್ಡಿದೆ. ಬಸ್‌ಸ್ಟ್ಯಾಂಡಿಂದ ಮನೆಗೆ ಬರೋ ಅಷ್ಟರಲ್ಲಿ ಇಪ್ಪತ್ತು ಜನ ಸೆಟ್ ಆದ್ಯಾ ಅಂತಾರೆ. ಅದನ್ನ ದಾಟೋಕಾಗಲ್ಲ’ ಅಂದ. ಅವರವ್ವ ಅವನಿಗೆ ಅಂತ ಎತ್ತಿಟ್ಟ ಜಾತ್ರೆಯ ಪ್ರಸಾದ ಒಣಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೇಳಿದ ಇಪ್ಪತ್ತು ಜನರಲ್ಲಿ ಒಬ್ಬರೂ ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ. ಆದರೂ ಒಬ್ಬ ಹುಡುಗ ತನ್ನೂರಿಗೆ ಬರೋದನ್ನು ಬಿಟ್ಟ.

ಮದುವೆ ವಿಷಯದಲ್ಲಂತೂ ಈ ಪದವೇ ಜರಡಿ. ಹೋದ ವರ್ಷ ನನ್ನನ್ನು ನೋಡಲಿಕ್ಕೆ ಬಂದವರು ಉಪ್ಪಿಟ್ಟು ತಿನ್ನುತ್ತಾ ಅಪ್ಪನನ್ನು ಕೇಳಿದರು, ‘ಹುಡುಗಿ ಸೆಟ್ ಆಗಿದ್ದಾಳಾ?’ ಅತಿಥಿ ಉಪನ್ಯಾಸಕಿ ಅಂದಾಗ ‘ಓ, ಪರ್ಮನೆಂಟ್ ಅಲ್ಲ’ ಅಂತ ಅವರೇ ತೀರ್ಪು ಬರೆದುಕೊಂಡರು. ಹುಡುಗರ ಪಾಡು ಇದಕ್ಕಿಂತ ಹಗುರವೇನಲ್ಲ. 2023ರಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿರಬಹುದು. ಅವರಲ್ಲಿ ಬಹಳಷ್ಟು ಜನ ಬೇಸಾಯಗಾರರು. ಆ ಸುದ್ದಿ ನೋಡಿ ನಾವೆಲ್ಲ ಮೊಬೈಲಿನಲ್ಲಿ ನಕ್ಕೆವು. ಹೊಲ ಇದೆ, ಹಸು ಇದೆ, ಪಂಪ್‌ಸೆಟ್ ಇದೆ, ದುಡಿಯೋ ಮೈ ಇದೆ. ಆದರೂ ‘ಹುಡುಗ ಸೆಟ್ ಆಗಿಲ್ಲ’. ಸೆಟ್ ಅಂದರೆ ತಿಂಗಳ ಸಂಬಳ, ಪೇಟೆಯಲ್ಲಿ ಮನೆ, ಕಾರು ಅಂತ ನಿಘಂಟು ಬರೆದವರು ಯಾರು? ನಾನೂ ಅದರಲ್ಲಿ ಒಂದು ಸಾಲು ಬರೆದಿದ್ದೇನೆ ಅಂತ ಒಪ್ಪಿಕೊಳ್ಳಬೇಕು. ತೋಟ ನೋಡಿಕೊಂಡಿದ್ದ ಹುಡುಗನೊಬ್ಬನ ಸಂಬಂಧ ಬಂದಾಗ, ಒಂದು ಮಾತೂ ಕೇಳದೆ ‘ಬೇಡ’ ಅಂದವಳು ನಾನೇ.

ಈ ಒಂದು ಪದ ಬರೋ ಮುಂಚೆ ನಮ್ಮವರು ಏನನ್ನುತ್ತಿದ್ದರು? ಅಜ್ಜಿಯನ್ನು ಕೇಳಿದೆ. ‘ನೀರು ಒಗ್ತು, ಒಗ್ಲಿಲ್ಲ ಅಂತಿದ್ವಿ’ ಅಂದಳು. ಜಾತಕ ಕೂಡಿಬರೋದು. ಮೊಸರು ಹೆಪ್ಪಾಗೋದು. ಸಸಿ ಬೇರು ಬಿಡೋದು. ಹೊಸ ಸೊಸೆ ಮನೆಗೆ ಹೊಂದಿಕೊಳ್ಳೋದು. ಅಲೆದಾಡುತ್ತಿದ್ದವನು ಒಂದು ಕಡೆ ನೆಲೆ ನಿಲ್ಲೋದು. ಇವೆಲ್ಲದರ ಜಾಗದಲ್ಲಿ ಈಗ ಒಂದೇ ಸೆಟ್ ಬಂದು ಕೂತಿದೆ. ಪದ ಕಡಿಮೆಯಾದರೆ ಭಾಷೆ ಸಾಯಲ್ಲ, ಹೆದರಬೇಕಿಲ್ಲ. ಆದರೆ ಆ ಹಳೆಯ ಪದಗಳಲ್ಲಿ ಹೊತ್ತು ಹಿಡಿಯೋ ಗುಣವಿತ್ತು. ‘ಒಗ್ಗು’ ಅನ್ನೋದರಲ್ಲೇ ಮೆಲ್ಲಗೆ ಅನ್ನೋದಿದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದು ಅನ್ನೋದು ಮಕ್ಕಳಿಗೂ ಗೊತ್ತಿತ್ತು. ಬೇರು ಬಿಟ್ಟಿದೆಯಾ ಅಂತ ಸಸಿಯನ್ನು ದಿನಾ ಕಿತ್ತು ನೋಡೋ ಹುಚ್ಚ ಯಾವ ಊರಲ್ಲೂ ಇಲ್ಲ. ನಮ್ಮದು ತೆಂಗಿನ ಸೀಮೆ. ನಾಟಿ ತಳಿಯ ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ಕಾಯಬೇಕು. ಅಷ್ಟು ವರ್ಷವೂ ನೀರು, ಗೊಬ್ಬರ ಕೊಟ್ಟು, ಆಡು ಮೇಯದ ಹಾಗೆ ಬೇಲಿ ಕಟ್ಟಿ ತೆಪ್ಪಗೆ ಕಾಯುತ್ತಾರೆ. ಆ ತಾಳ್ಮೆ ಇರೋ ಜನಕ್ಕೆ, ಡಿಗ್ರಿ ಮುಗಿಸಿ ಎರಡು ವರ್ಷ ಆದ ಹುಡುಗರನ್ನು ಕಂಡರೆ ಯಾಕೆ ತಾಳ್ಮೆ ತಪ್ಪುತ್ತದೋ!

ಆ ಮದುವೆಯಿಂದ ಬಂದ ರಾತ್ರಿ ನಾನು ಊಟ ಬೇಡ ಅಂದೆ. ಅವ್ವ ಕಾರಣ ಕೇಳಿದಳು, ನಾನು ತಲೆನೋವು ಅಂದೆ. ಅಪ್ಪ ಏನೂ ಕೇಳಲಿಲ್ಲ. ಮಾರನೇ ದಿನ ಭಾನುವಾರ. ‘ನಡಿಯಮ್ಮ, ಮೋಲ್ಡಿಗೆ ನೀರು ಕಟ್ಟಿ ಬರೋಣ’ ಅಂತ ಕರೆದರು.

ನಮ್ಮಪ್ಪ ಗಾರೆ ಮೇಸ್ತ್ರಿ. ಮೂವತ್ತು ವರ್ಷದ ಕೆಲಸ. ಚಿಕ್ಕವಳಿದ್ದಾಗ ಸ್ಕೂಲಿಂದ ಬಂದು, ಅಪ್ಪ ಕಟ್ಟಿದ ಗೋಡೆಗೆ ಬಿಂದಿಗೆಯಲ್ಲಿ ನೀರು ಹೊಡೆಯೋ ಕೆಲಸ ನನ್ನದೇ. ಈಗ ಅಪ್ಪನಿಗೆ ಮಂಡಿನೋವು, ಏಣಿ ಹತ್ತೋದು ಕಷ್ಟ. ಹಾಗಾಗಿ ಮೇಲೆ ಹತ್ತಿದವಳು ನಾನೇ. ಶುಕ್ರವಾರ ಮೋಲ್ಡ್ ಹಾಕಿದ್ದ ಮನೆ. ಕಾಂಕ್ರೀಟಿನ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ಗದ್ದೆಯ ಪಾತಿ ಹಾಗೆ ಮಾಡಿದ್ದರು. ಪೈಪ್ ಹಿಡಿದು ಒಂದೊಂದೇ ಪಾತಿ ತುಂಬಿಸುತ್ತಾ, ಕಾಲಿಂದ ಒತ್ತಿ ನೋಡಿದೆ. ಕಲ್ಲಿನ ಹಾಗಿತ್ತು.

‘ಅಪ್ಪಾ, ಆಗಲೇ ಸೆಟ್ ಆಗಿದೆಯಲ್ಲ, ಇನ್ನೂ ಯಾಕೆ ನೀರು?’ ಅಂತ ಮೇಲಿಂದ ಕೇಳಿದೆ. ಉತ್ತರ ಗೊತ್ತಿಲ್ಲದೆ ಕೇಳಿದ್ದಲ್ಲ. ಮಾತು ಬೇಕಿತ್ತು.

‘ಸೆಟ್ ಆಗೋಕೆ ಎಷ್ಟೊತ್ತಮ್ಮ ಬೇಕು? ಸಂಜೆ ಹಾಕಿದ್ರೆ ಬೆಳಿಗ್ಗೆಗೆ ಸೆಟ್ಟು. ಗಟ್ಟಿ ಆಗೋದು ಬೇರೆ. ಈಗ ನೀರು ಬಿಟ್ರೆ ನೋಡೋಕೆ ಹಿಂಗೇ ಇರುತ್ತೆ, ಮಳೆಗಾಲದಲ್ಲಿ ಸೋರುತ್ತೆ’ ಅಂದರು ಕೆಳಗಿಂದ.

ಅಪ್ಪ ಅನುಭವದಿಂದ ಹೇಳಿದ್ದನ್ನು ಎಂಜಿನಿಯರುಗಳ ಪುಸ್ತಕವೂ ಹೇಳುತ್ತದೆ. ಸಿಮೆಂಟು ಸೆಟ್ ಆಗೋಕೆ ಹೆಚ್ಚೆಂದರೆ 10 ಗಂಟೆ. ಆದರೆ ಕಾಂಕ್ರೀಟಿನ ಬಲ ಎಷ್ಟು ಅಂತ ಲೆಕ್ಕ ಹಿಡಿಯೋದು 28ನೇ ದಿನಕ್ಕೆ. ಅದು ಒಣಗಿ ಗಟ್ಟಿಯಾಗೋದಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಒಳಗೊಳಗೇ ಬಿಗಿಯಾಗುತ್ತಾ ಹೋಗೋದು. ಮೇಲಿನ ತೇವ ಆರಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಕಡಿಮೆಯೆಂದರೂ ಒಂದು ವಾರ, ನಮ್ಮಪ್ಪನಂಥ ಹಟಮಾರಿ ಮೇಸ್ತ್ರಿಯಾದರೆ ಮೂರು ವಾರ, ನೀರು ಕಟ್ಟಬೇಕು. ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಬೇಕು. ಆ ಕೆಲಸವನ್ನು ಯಾರೂ ನಿಂತು ನೋಡಲ್ಲ. ಮೋಲ್ಡ್ ಹಾಕೋ ದಿನ ಪೂಜೆ ಇರುತ್ತದೆ, ಸಿಹಿ ಹಂಚುತ್ತಾರೆ, ನೆಂಟರು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾರನೇ ದಿನದಿಂದ ಪೈಪ್ ಹಿಡಿಯೋಕೆ ಮನೆಯವರಷ್ಟೇ.

ಪೈಪ್ ಹಿಡಿದು ನಿಂತಿದ್ದಾಗ ನಾವೆಲ್ಲ ತಪ್ಪು ಪ್ರಶ್ನೆ ಕೇಳುತ್ತಿದ್ದೇವೆ ಅನ್ನಿಸಿತು. ಕೆಲಸ ಸಿಕ್ಕಿತಾ, ಮದುವೆ ಆಯಿತಾ, ಸೈಟು ತಗೊಂಡ್ಯಾ ಅನ್ನೋದನ್ನೆಲ್ಲ ಸೇರಿಸಿ ಸೆಟ್ ಅಂತೇವೆ. ಒಂದು ದಿನ ಬಂದು ಆಗಿಬಿಡೋ ಸಂಗತಿ ಹಾಗೆ. ಹಾಗೆ ‘ಸೆಟ್’ ಆದವರನ್ನೂ ನೋಡಿದ್ದೇನೆ. ದೊಡ್ಡ ಸಂಬಳಕ್ಕೆ ಸೇರಿದ ನಮ್ಮ ಸೀನಿಯರ್ ಒಬ್ಬರು ಒಂದು ದಿನ ಕೆಲಸ ಹೋದ ಮೇಲೆ ಆರು ತಿಂಗಳು ಮನೆಯಲ್ಲಿ ಹೇಳಲಿಲ್ಲ. ದಿನಾ ಬ್ಯಾಗು ಹಾಕಿಕೊಂಡು ಪಾರ್ಕಿಗೆ ಹೋಗಿ ಕೂರುತ್ತಿದ್ದರು. ಸೆಟ್ ಆದವನು ಅಂತ ಊರೆಲ್ಲ ಹೆಸರಾದ ಮೇಲೆ ಇಲ್ಲ ಅನ್ನೋಕೆ ಬಾಯಿ ಬರಬೇಕಲ್ಲ! ಸಿನಿಮಾದವರು ಹಾಕೋ ಸೆಟ್ಟು ಮುಂದಿನಿಂದ ಅರಮನೆ, ಹಿಂದಿನಿಂದ ಪ್ಲೈವುಡ್ಡು. ನಮ್ಮ ಕೆಲವರ ಬದುಕೂ ನೋಡೋರ ಕಣ್ಣಿಗೆ ಅಂತಲೇ ನಿಂತಿರುತ್ತದೆ.

ಹಾಗಂತ ಕೆಲಸ ಬೇಡ, ದುಡ್ಡು ಬೇಡ ಅಂತ ನಾನು ವೇದಾಂತ ಹೇಳುತ್ತಿಲ್ಲ. ಅಪ್ಪನ ಮಂಡಿ ದಿನಾ ರಾತ್ರಿ ನನಗೆ ದುಡ್ಡಿನ ಬೆಲೆ ನೆನಪಿಸುತ್ತದೆ. ನನಗೆ ಕಾಯಂ ಕೆಲಸ ಬೇಕೇ ಬೇಕು, ಮೂರನೇ ಸಲವೂ ಕೆ-ಸೆಟ್ ಬರೆಯುತ್ತೇನೆ. ನಾನು ಕೇಳೋದು ಇಷ್ಟೇ. ಸೆಟ್ ಆಯ್ತಾ ಅಂತ ಕೇಳೋರೆಲ್ಲ ಒಂದೊಂದು ಬಿಂದಿಗೆ ನೀರು ತನ್ನಿ. ಸರ್ಕಾರದ ಬಿಂದಿಗೆ ಯಾವುದು ಅಂದರೆ, ಹೇಳಿದ ತಿಂಗಳಿಗೆ ಅಧಿಸೂಚನೆ, ಹೇಳಿದ ದಿನಕ್ಕೆ ಪರೀಕ್ಷೆ, ಕಾಯಿಸದೆ ಫಲಿತಾಂಶ, ದುಡಿದ ತಿಂಗಳಿಗೆ ಸಂಬಳ. ‘ಸೆಟ್ಟಿಂಗ್ ಆಗಿದೆಯಂತೆ’ ಅನ್ನೋ ಮಾತು ಲೈಬ್ರರಿಯಲ್ಲಿ ಹುಟ್ಟದ ಹಾಗೆ ನೇಮಕಾತಿ ನಡೆಸೋದು. ಊರಿನವರ ಬಿಂದಿಗೆ ಇದಕ್ಕಿಂತ ಸಣ್ಣದು. ಪರೀಕ್ಷೆಗೆ ಹೊರಟವರಿಗೆ ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಡ್ರಾಪ್ ಕೊಡಿ. ಫೇಲಾದವರನ್ನು ಹಬ್ಬಕ್ಕೆ ಕರೆಯಿರಿ, ಬಂದಾಗ ಪರೀಕ್ಷೆ ವಿಷಯ ಎತ್ತಬೇಡಿ. ಧಾರವಾಡದಲ್ಲಿರೋ ಗೆಳೆಯನಿಗೆ ಈ ಸಲ ಜಾತ್ರೆಗೆ ನಾನೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ ಅಂತ ಹೇಳಿದ್ದೇನೆ. ಇಪ್ಪತ್ತು ಜನ ಸಿಕ್ಕರೆ ಹತ್ತು ಉತ್ತರ ಅವನದು, ಹತ್ತು ನನ್ನದು. ‘ನೋಡೋಣ’ ಅಂದಿದ್ದಾನೆ. ಹೋದ ಸಲ ‘ಇಲ್ಲ’ ಅಂದಿದ್ದ.

ನಮ್ಮ ವಯಸ್ಸಿನವರಿಗೂ ಒಂದು ಮಾತು. ಮದುವೆಯಲ್ಲಿ ಸಿಕ್ಕ ಹಿರಿಯರ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟರೆ ನಷ್ಟ ನಮಗೇ. ಅವರಿಗೆ ನಮ್ಮ ಜೊತೆ ಮಾತಾಡೋ ಆಸೆ ಇದೆ. ಏನು ಮಾತಾಡಬೇಕು ಅಂತ ಗೊತ್ತಿಲ್ಲ, ಆ ಒಂದು ಪ್ರಶ್ನೆ ಬಾಯಿಗೆ ಬರುತ್ತದೆ. ನಾವೇ ಬೇರೆ ಮಾತು ಶುರು ಮಾಡಿದರೆ ಆಯಿತು. ನಾನು ಅವತ್ತು ‘ನೀವು ನಮಗೆ ಏನಾಗಬೇಕು?’ ಅಂತಲಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಜ್ಜಿಯ ಸೆಟ್ಟಿನ ಕಥೆ ಹೇಳಲಿಲ್ಲ ಅಲ್ಲವೇ? ಡಾಕ್ಟರು ‘ಮೊದಲು ಮೆತ್ತಗಿರೋದು ತಿನ್ನಿ ಅಜ್ಜಿ, ದಿನಾ ಸ್ವಲ್ಪ ಹೊತ್ತು ಹಾಕ್ಕೊಳ್ಳಿ, ನಿಧಾನಕ್ಕೆ ಒಗ್ಗುತ್ತೆ’ ಅಂದಿದ್ದರಂತೆ. ಅಜ್ಜಿ ಒಂದು ವರ್ಷ ಅದನ್ನು ಡಬ್ಬಿಯಲ್ಲೇ ಇಟ್ಟು, ಮದುವೆಯ ದಿನ ಫೋಟೊಗೆ ಅಂತ ಹಾಕಿಕೊಂಡು ಬಂದಿದ್ದಳು! ಈಗ ದಿನಾ ಬೆಳಿಗ್ಗೆ ನೆನೆಸಿದ ಅವಲಕ್ಕಿಯಿಂದ ಅಭ್ಯಾಸ ನಡೆಯುತ್ತಿದೆ. ‘ಸೆಟ್ ಆಯ್ತೇನಜ್ಜಿ?’ ಅಂತ ನಾನು ಕೇಳೋದು ಬಿಟ್ಟಿದ್ದೇನೆ. ‘ಇವತ್ತು ಏನು ತಿಂದೆ?’ ಅಂತ ಕೇಳುತ್ತೇನೆ. ಖುಷಿಯಿಂದ ಪಟ್ಟಿ ಕೊಡುತ್ತಾಳೆ.

ನನ್ನನ್ನೂ ಹಾಗೇ ಕೇಳಿ. ಮುಂದಿನ ಮದುವೆಯಲ್ಲಿ ಸಿಕ್ಕರೆ ‘ಏನು ಓದ್ತಿದ್ದೀಯವ್ವಾ?’ ಅನ್ನಿ. ಅರ್ಧ ಗಂಟೆ ಬೇಕಾದರೂ ಹೇಳುತ್ತೇನೆ. ಕೈ ತೊಳೆಯೋ ನಲ್ಲಿ ಹತ್ತಿರ ಮಾತ್ರ ಬೇಡ, ಹಿಂದೆ ಜನ ಕಾಯುತ್ತಿರುತ್ತಾರೆ.